ಸಂಖ್ಯೆಯ ಪಕ್ಕದ ಎರಡಕ್ಷರ

ಹಾಸನದಲ್ಲಿ ಐಟಿಐ ಮುಗಿಸಿದ ಹುಡುಗರಿಗೆ ಅಳತೆ ಹೇಳಿಕೊಡುವಾಗ ಮೊದಲ ದಿನ ಬೋರ್ಡಿನ ಮೇಲೆ 2922 ಎಂದಷ್ಟೇ ಬರೆಯುತ್ತೇನೆ. ಹೊಳೆನರಸೀಪುರ, ಅರಕಲಗೂಡಿನ ಕಡೆಯವರು ‘ಅಡಿ ಸಾರ್, ಗೊರೂರು ಡ್ಯಾಮ್ ಫುಲ್’ ಅನ್ನುತ್ತಾರೆ. ಚನ್ನರಾಯಪಟ್ಟಣದವನೊಬ್ಬ ‘ತೆಂಗಿನಕಾಯಿ ಲೆಕ್ಕವಾ ಸಾರ್?’ ಎಂದು ಕೇಳಿದ್ದ. ಹಾಗೆ ಕೇಳಿದ್ದೇ ಸರಿ. ಪೀಣ್ಯದಲ್ಲಿ ವಿಮಾನದ ಬಿಡಿಭಾಗಗಳ ಇನ್‌ಸ್ಪೆಕ್ಷನ್ ಮಾಡುತ್ತಾ ನಾನು ಕಲಿತ ಕೆಲವು ಪಾಠಗಳು ಇಲ್ಲಿವೆ.

1. ಡ್ರಾಯಿಂಗ್ ಕೈಗೆ ಬಂದಾಗ ಮೊದಲು ಟೈಟಲ್ ಬ್ಲಾಕ್ ಓದಿ. ಏರ್‌ಬಸ್‌ನ ಡ್ರಾಯಿಂಗ್ ಮಿಲಿಮೀಟರಿನಲ್ಲಿರುತ್ತದೆ, ಬೋಯಿಂಗ್‌ನದು ಬಹುತೇಕ ಇಂಚಿನಲ್ಲಿ. ಡ್ರಾಯಿಂಗ್ ಯಾವ ಯೂನಿಟ್‌ನಲ್ಲಿದೆಯೋ ಅದರಲ್ಲೇ ಅಳೆಯುವುದು ಕ್ಷೇಮ.

2. ಕನ್ವರ್ಟ್ ಮಾಡಲೇಬೇಕಿದ್ದರೆ ಪೂರ್ತಿ ಮಾಡಿ. ಒಂದು ಇಂಚಿಗೆ 25.4 ಮಿ.ಮೀ.; 1959ರಿಂದ ಇದು ಕರಾರುವಾಕ್ಕು, ಹೆಚ್ಚುಕಡಿಮೆಯಿಲ್ಲ. ನಾನಿದ್ದ ಕಡೆ ಒಂದು ಬುಷ್ ಆರ್ಡರ್ ಬಂದಿತ್ತು: 0.500 ಇಂಚು, ಟಾಲರೆನ್ಸ್ ±0.001. ಶಾಪಿಗೆ ಕೊಟ್ಟ ಹಾಳೆಯಲ್ಲಿ ಸೈಜು 12.70 ಎಂದು ಬದಲಾಗಿತ್ತು, ಟಾಲರೆನ್ಸ್ ಮಾತ್ರ ±0.001 ಆಗಿಯೇ ಉಳಿದಿತ್ತು. ಅದು ±0.025 ಮಿ.ಮೀ. ಆಗಬೇಕಿತ್ತು. ಸಹಿ ನನ್ನದು.

ಅಂದು ಅರಕಲಗೂಡಿನ ಹುಡುಗನೊಬ್ಬನಿಗೆ ನೈಟ್ ಶಿಫ್ಟ್. ಬೆಳಿಗ್ಗೆ ನಾನು ಹೋದಾಗ ರಿಜೆಕ್ಷನ್ನಿನ ಕೆಂಪು ಡಬ್ಬಿ ತುಂಬಿತ್ತು. ಮೈಕ್ರೋಮೀಟರನ್ನು ಒರೆಸಿ, ಸೊನ್ನೆಗೆ ತಂದು, ಮತ್ತೆ ಮತ್ತೆ ಅಳೆದಿದ್ದಾನೆ. ‘ನನ್ನ ಕೈಯೇ ಸರಿಯಿಲ್ಲ ಸಾರ್’ ಅಂದ. ಡಬ್ಬಿಯಿಂದ ಒಂದೊಂದೇ ತೆಗೆದು ಅಳೆದೆ. 12.708, 12.694, 12.711. ಎಲ್ಲವೂ ಒಳ್ಳೆಯ ಪೀಸುಗಳೇ. ಅವನ ಕೈ ಸರಿಯಾಗಿಯೇ ಇತ್ತು, ತಪ್ಪಿದ್ದು ನನ್ನ ಹಾಳೆ.

3. ಶಾಖವೂ ಅಳತೆಯ ಭಾಗ. ಡ್ರಾಯಿಂಗಿನ ಅಳತೆ 20 ಡಿಗ್ರಿ ಸೆಲ್ಸಿಯಸ್‌ಗೆ ಹೇಳಿದ್ದು. ಒಂದು ಮೀಟರ್ ಅಲ್ಯೂಮಿನಿಯಂ ಹತ್ತು ಡಿಗ್ರಿ ಬಿಸಿಯಾದರೆ ಸುಮಾರು 0.23 ಮಿ.ಮೀ. ಉದ್ದವಾಗುತ್ತದೆ. ಮೆಷಿನ್ನಿನಿಂದ ಇಳಿಸಿದ ಪೀಸನ್ನು ಆರಲು ಬಿಡಿ.

4. ನ್ಯೂಟನ್ ಎಷ್ಟೆಂದು ಮೈಗೆ ಗೊತ್ತಿರಬೇಕು. ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ. ಅಲ್ಲಿಂದ ಆಜ್ಞೆ ಕೊಟ್ಟು ಉಪಗ್ರಹದ 440 ನ್ಯೂಟನ್ ಎಂಜಿನ್ ಉರಿಸಿ, ಅದನ್ನು 35,786 ಕಿ.ಮೀ. ಎತ್ತರದ ಕಕ್ಷೆಯತ್ತ ಏರಿಸುತ್ತಾರೆ. 440 ನ್ಯೂಟನ್ ಅಂದರೆ ಹೆಚ್ಚುಕಡಿಮೆ 45 ಕೆ.ಜಿ. ಭಾರ. ನಮ್ಮ ಆಲೂಗಡ್ಡೆ ಮೂಟೆ ಎತ್ತಿದ ಹುಡುಗನಿಗೆ ಇಷ್ಟು ಹೇಳಿದರೆ ಸಾಕು, ಮರೆಯುವುದಿಲ್ಲ.

ಪೌಂಡ್ ಬಲ ಬೇರೆ, ಒಂದಕ್ಕೆ 4.45 ನ್ಯೂಟನ್. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್ 23ರಂದು ಕಳೆದುಹೋದದ್ದು ಇಲ್ಲೇ. ಸಣ್ಣ ಥ್ರಸ್ಟರ್‌ಗಳ ತಳ್ಳುವಿಕೆಯನ್ನು ಒಂದು ಸಾಫ್ಟ್‌ವೇರ್ ಪೌಂಡ್-ಸೆಕೆಂಡಿನಲ್ಲಿ ಕೊಟ್ಟಿತು, ಪಥದ ಲೆಕ್ಕ ಹಾಕುವವರು ನ್ಯೂಟನ್-ಸೆಕೆಂಡ್ ಎಂದುಕೊಂಡರು. ಮಂಗಳನಿಂದ 226 ಕಿ.ಮೀ. ಮೇಲೆ ಹಾಯಬೇಕಿದ್ದದ್ದು 57ಕ್ಕೆ ಇಳಿಯಿತು. ಲೆಕ್ಕ ಹೊಂದುತ್ತಿಲ್ಲವೆಂದು ಕೆಲವರಿಗೆ ಮೊದಲೇ ಅನುಮಾನ ಬಂದಿತ್ತು. ಅದು ಕ್ರಮವಾಗಿ ದಾಖಲಾಗಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಆ ಕೆಂಪು ಡಬ್ಬಿ ನೆನಪಾಗುತ್ತದೆ.

5. ಹಾಗಾಗಿ ನಮ್ಮ ಹುಡುಗರಿಗೆ ಒಂದು ರೂಢಿ ಮಾಡಿಸಿದ್ದೇನೆ. ಸತತ ಮೂರು ಪೀಸ್ ರಿಜೆಕ್ಟ್ ಆದರೆ ಮೆಷಿನ್ ನಿಲ್ಲಿಸಿ, ಮೂಲ ಡ್ರಾಯಿಂಗ್ ತರಿಸಬೇಕು. ಅನುಮಾನವನ್ನು ಬಾಯಲ್ಲಿ ಹೇಳಿದರೆ ಸಾಲದು. ಶಿಫ್ಟ್ ಪುಸ್ತಕದಲ್ಲಿ ಬರೆದು ಹೊತ್ತು ಹಾಕಬೇಕು. ರಾತ್ರಿ ಎರಡು ಗಂಟೆಯಾಗಿದ್ದರೂ ಸಹಿ ಮಾಡಿದವರಿಗೆ ಫೋನ್ ಮಾಡಬೇಕು. ನನ್ನ ನಂಬರು ಬೋರ್ಡಿನ ಮೂಲೆಯಲ್ಲೇ ಇರುತ್ತದೆ.