ಹಲ್ಲಿನ ಮೇಲಿನ ಕಂದು ಗೆರೆ

ಮುಖಕ್ಕೆ ನಗೆಯೇ ಭೂಷಣವೆಂದು ಹಿರಿಯರು ಹೇಳುತ್ತಾರೆ. ಆದರೆ ನಗುವಾಗ ಅಂಗೈಯಿಂದ ಬಾಯಿಯನ್ನು ಮರೆಮಾಡಿಕೊಳ್ಳುವವರನ್ನು ನಮ್ಮ ತರಗತಿಗಳಲ್ಲಿಯೇ ಕಾಣಬಹುದು. ಅವರಲ್ಲಿ ನಾನೂ ಒಬ್ಬ. ನನ್ನ ಮುಂದಿನ ಹಲ್ಲುಗಳ ಮೇಲೆ ಅಡ್ಡಲಾಗಿ ಕಂದು ಗೆರೆಗಳಿವೆ. ಬೀಡಿ ಸೇದುತ್ತಾನೆ, ಹಲ್ಲುಜ್ಜುವುದಿಲ್ಲ ಎಂಬ ಮಾತುಗಳನ್ನು ಹೈಸ್ಕೂಲಿನಿಂದಲೂ ಕೇಳಿದ್ದೇನೆ. ಇದ್ದಿಲು, ಉಪ್ಪು, ಬೇವಿನಕಡ್ಡಿ, ಯಾವುದರಿಂದ ಉಜ್ಜಿದರೂ ಗೆರೆ ಹೋಗಲಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ ಆ ಹಲ್ಲುಗಳಿಗೆ ಪಿಂಗಾಣಿಯ ಹೊದಿಕೆ ಹಾಕಿಸಿಬಿಡಬೇಕೆಂದು ನಿಶ್ಚಯಿಸಿದೆ. ಆಗ ತಿಳಿದುಕೊಂಡ ವಿಷಯಗಳನ್ನು ವಾಚಕ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಹೊದಿಕೆಗೆ ವಿನೀರ್ ಎಂದು ಹೆಸರು. ಬಡಗಿಗಳು ಸಾಧಾರಣ ಹಲಗೆಯ ಮೇಲೆ ತೇಗದ ತೆಳುವಾದ ಪದರವನ್ನು ಅಂಟಿಸುವುದಿಲ್ಲವೇ? ಹೆಸರೂ ಅದೇ, ಕ್ರಮವೂ ಹೆಚ್ಚುಕಡಿಮೆ ಅದೇ. ಅಮೆರಿಕದ ದಂತವೈದ್ಯ ಚಾರ್ಲ್ಸ್ ಪಿಂಕಸ್ ಎಂಬಾತ ಹಾಲಿವುಡ್ಡಿನ ನಟನಟಿಯರಿಗೆ ಇಂಥ ಹೊದಿಕೆಗಳನ್ನು ಮಾಡಿಕೊಟ್ಟನು. ಚಿತ್ರೀಕರಣ ಮುಗಿದ ಮೇಲೆ ಅವನ್ನು ತೆಗೆದಿಡಬೇಕಾಗಿತ್ತು. ಗಟ್ಟಿಯಾಗಿ ಅಂಟಿಸುವ ವಿದ್ಯೆ ಆಗ ಇರಲಿಲ್ಲ. 1955ರಲ್ಲಿ ಮೈಕೆಲ್ ಬ್ಯುನೊಕೋರ್ ಎಂಬ ವಿಜ್ಞಾನಿಯು ಹಲ್ಲಿನ ಹೊರಪದರವಾದ ಎನಾಮಲ್ಲಿಗೆ ಫಾಸ್ಫಾರಿಕ್ ಆಮ್ಲವನ್ನು ಸವರಿದರೆ ಅದು ತರಿತರಿಯಾಗಿ ಅಂಟನ್ನು ಬಿಗಿಯಾಗಿ ಹಿಡಿಯುತ್ತದೆಂದು ತೋರಿಸಿದನು. 1980ರ ದಶಕದಲ್ಲಿ ಪಿಂಗಾಣಿಯ ಒಳಮೈಯನ್ನೂ ಹಾಗೆಯೇ ತರಿಯಾಗಿಸಿ ಅಂಟಿಸುವ ಕ್ರಮ ಬಳಕೆಗೆ ಬಂದಿತು.

ಹೊದಿಕೆ ಕೂರಲು ಜಾಗ ಬೇಕಾದುದರಿಂದ ಸಾಮಾನ್ಯವಾಗಿ ಎನಾಮಲ್ಲನ್ನು ಸುಮಾರು ಅರ್ಧ ಮಿಲಿಮೀಟರಿನಷ್ಟು ತೇಯುತ್ತಾರೆ. ಅನಂತರ ಅಚ್ಚು ತೆಗೆದು, ಹಲ್ಲಿಗೆ ತಕ್ಕ ಬಣ್ಣದ ಬಿಲ್ಲೆಯನ್ನು ಮಾಡಿಸಿ ಅಂಟಿಸುತ್ತಾರೆ. ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬಾಳುತ್ತದೆ, ಮತ್ತೆ ಬದಲಾಯಿಸಬೇಕು. ತೇದುಹೋದ ಎನಾಮಲ್ ಮಾತ್ರ ಮತ್ತೆ ಬೆಳೆಯುವುದಿಲ್ಲ. ಒಂದೊಂದು ಹಲ್ಲಿಗೂ ಸಾವಿರಾರು ರೂಪಾಯಿ ಬೇಕೆಂಬುದು ಇನ್ನೊಂದು ಮಾತು.

ವೈದ್ಯರು ನನ್ನ ಬಾಯಿಯನ್ನು ನೋಡಿದೊಡನೆ ಕೇಳಿದ ಪ್ರಶ್ನೆ ಹಲ್ಲಿನದಲ್ಲ.

"ಯಾವ ಊರಪ್ಪಾ? ಚಿಕ್ಕಂದಿನಲ್ಲಿ ಯಾವ ನೀರು ಕುಡಿಯುತ್ತಿದ್ದೆ?"

"ಮಳವಳ್ಳಿ ಕಡೆ ಸಾರ್. ಬೋರ್‌ವೆಲ್ ನೀರು."

"ಹಾಗಾದರೆ ಇದು ಕೊಳೆಯಲ್ಲ, ನೀರು ಬರೆದ ಗೆರೆ" ಎಂದರು.

ಈ ಗೆರೆಯ ಕಥೆ ದೊಡ್ಡದು. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿನ ಜನರ ಹಲ್ಲುಗಳಲ್ಲಿ ಇಂಥವೇ ಕಂದು ಕಲೆಗಳನ್ನು ಕಂಡ ಫ್ರೆಡರಿಕ್ ಮೆಕ್‌ಕೇ ಎಂಬ ದಂತವೈದ್ಯನು ಅದರ ಕಾರಣವನ್ನು ಹುಡುಕುತ್ತ ಹಲವು ವರ್ಷಗಳನ್ನು ಕಳೆದನು. 1931ರಲ್ಲಿ ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞನು ನೀರನ್ನು ಪರೀಕ್ಷಿಸಿ, ಅದರಲ್ಲಿರುವ ಫ್ಲೋರೈಡೇ ಕಾರಣವೆಂದು ಸಿದ್ಧಪಡಿಸಿದನು. ನಮ್ಮ ದೇಶದಲ್ಲಿ 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ಇದರ ವರದಿ ಬಂದಿತು. ಕರ್ನಾಟಕದಲ್ಲಿ ಪಾವಗಡ, ಬಾಗೇಪಲ್ಲಿ, ಮುಂಡರಗಿ ತಾಲ್ಲೂಕುಗಳ ಹೆಸರು ಈ ವಿಷಯದಲ್ಲಿ ಮೇಲಿಂದಮೇಲೆ ಬರುತ್ತದೆ. ಮಂಡ್ಯವೆಂದರೆ ನಾಲೆ, ಕಬ್ಬು, ಗದ್ದೆ ಎಂದು ನಾವು ಹೆಮ್ಮೆಪಡುತ್ತೇವೆ. ಆದರೆ ನಾಲೆ ಎಲ್ಲ ಊರುಗಳಿಗೂ ಹೋಗುವುದಿಲ್ಲ. ಅದು ತಲುಪದ ಕಡೆ ಬಂಡೆಗಳ ನಡುವೆ ಆಳಕ್ಕೆ ಕೊರೆದ ಬಾವಿಯ ನೀರೇ ಗತಿ. ಕಲ್ಲಿನಲ್ಲಿರುವ ಫ್ಲೋರೈಡ್ ಆ ನೀರಿನಲ್ಲಿ ಕರಗಿ ಸೇರುವುದುಂಟು.

ಫ್ಲೋರೈಡ್ ಅಲ್ಪ ಪ್ರಮಾಣದಲ್ಲಿದ್ದರೆ ಹಲ್ಲನ್ನು ಹುಳುಕಿನಿಂದ ಕಾಪಾಡುತ್ತದೆ, ಮಿತಿಮೀರಿದರೆ ಕೆಡಿಸುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸರಿಯಾದ ಮಿತಿ. ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಕೆಡುವ ಕಾಲವೂ ಗೊತ್ತಾದುದೇ: ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ, ಶಾಶ್ವತ ಹಲ್ಲುಗಳ ಎನಾಮಲ್ ದವಡೆಯೊಳಗೆ ರೂಪುಗೊಳ್ಳುತ್ತಿರುವಾಗ. ಗೆರೆ ಎನಾಮಲ್ಲಿನ ಒಳಗೇ ಇರುವುದರಿಂದ ಇದ್ದಿಲಿಗೆ ಅದು ಜಗ್ಗಲಿಲ್ಲ.

ವೈದ್ಯರು ನನಗೆ ವಿನೀರನ್ನು ಒಪ್ಪಲಿಲ್ಲ. ಹಲ್ಲು ಕುಳಿಬಿದ್ದು ಮುಕ್ಕಾಗಿದ್ದರೆ ಅದು ತಕ್ಕ ಚಿಕಿತ್ಸೆ. ನನ್ನಂಥ ಮೇಲಿನ ಗೆರೆಗೆ ಆಮ್ಲ ಬೆರೆತ ಪುಡಿಯಿಂದ ಬಹು ತೆಳುವಾಗಿ ತೇದರೆ ಸಾಕೆಂದರು. ಹಾಗೆಯೇ ಮಾಡಿಸಿದೆ. ಗೆರೆ ಪೂರ್ತಿ ಹೋಗಲಿಲ್ಲ, ಮಂಕಾಯಿತು. ಹೊರಡುವಾಗ, "ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ?" ಎಂದು ಕೇಳಿದರು.

ಇದ್ದಾಳೆ. ಅಣ್ಣನ ಮಗಳಿಗೆ ಮೂರು ವರ್ಷ. ಅವಳ ಹಾಲುಹಲ್ಲುಗಳು ಮಲ್ಲಿಗೆ ಮೊಗ್ಗಿನಂತಿವೆ; ಆದರೆ ಶಾಶ್ವತ ಹಲ್ಲುಗಳು ಒಳಗೆ ತಯಾರಾಗುತ್ತಿರುವುದು ನಾನು ಕುಡಿದ ಆ ನೀರಿನಿಂದಲೇ. "ಕಾಯಿಸಿಯೇ ಕೊಡ್ತೀವಲ್ಲಪ್ಪಾ" ಎಂದರು ಅತ್ತಿಗೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ. ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಇದನ್ನು ಅವರಿಗೆ ವಿವರಿಸಿ ನೀರನ್ನು ಪರೀಕ್ಷೆ ಮಾಡಿಸಿದೆವು. ಫ್ಲೋರೈಡ್ ಮಿತಿಯನ್ನು ಮೀರಿತ್ತು. ಹೊದಿಕೆಗೆಂದು ಕೂಡಿಟ್ಟಿದ್ದ ಹಣದಲ್ಲಿ ಉಳಿದುದರಿಂದ ಎರಡು ಕ್ಯಾನುಗಳನ್ನು ಕೊಂಡೆ. ಈಗ ಮಗುವಿನ ಕುಡಿಯುವ ನೀರು, ಅಡಿಗೆಯ ನೀರು ಎರಡೂ ಪಕ್ಕದ ಊರಿನ ಶುದ್ಧ ನೀರಿನ ಘಟಕದಿಂದ ಬರುತ್ತವೆ. ಅಣ್ಣ ಸೈಕಲ್ಲಿನಲ್ಲಿ ತರುತ್ತಾನೆ. ರಜೆಯಲ್ಲಿ ನಾನು ತರುತ್ತೇನೆ.

ಮಿತ್ರರೇ, ಸುಂದರವಾಗಿ ಕಾಣಬೇಕೆಂಬ ಆಸೆ ತಪ್ಪಲ್ಲ. ಅಗತ್ಯವಿದ್ದವರು ಚಿಕಿತ್ಸೆ ಮಾಡಿಸಿಕೊಳ್ಳಲಿ. ಆದರೆ ನಿಮ್ಮ ಹಲ್ಲಿನಲ್ಲಿಯೂ ಇಂಥ ಗೆರೆಯಿದ್ದರೆ, ಹೊದಿಕೆಯ ಬೆಲೆ ವಿಚಾರಿಸುವ ಮೊದಲು ನಿಮ್ಮೂರಿನ ನೀರನ್ನು ಪರೀಕ್ಷೆ ಮಾಡಿಸಿರಿ. ನಮ್ಮ ಗೆರೆಯನ್ನು ಮುಚ್ಚಬಹುದು. ನಮ್ಮ ತಂಗಿ ತಮ್ಮಂದಿರ ಗೆರೆಯನ್ನು ಬಾರದಂತೆಯೇ ತಡೆಯಬಹುದು.