ಕನ್ಯಾಪೊರೆ: ತಪ್ಪು ತಿಳುವಳಿಕೆ ಬಿಡೋಣ



ಸಂಘದ ಸಭೆಯಲ್ಲಿ ಸಾಲ, ಉಳಿತಾಯದ ಲೆಕ್ಕ ಧೈರ್ಯವಾಗಿ ಮಾತಾಡುತ್ತೇವೆ. ನಮ್ಮ ದೇಹದ ವಿಷಯ ಬಂದರೆ ಮಾತ್ರ ಸೆರಗು ಬಾಯಿಗೆ ಹೋಗುತ್ತದೆ. ಈ ಮೌನದಿಂದ ಎಷ್ಟೋ ಹೆಣ್ಣುಮಕ್ಕಳು ತಪ್ಪೇ ಮಾಡದೆ ಅಪವಾದ ಹೊತ್ತಿದ್ದಾರೆ. ಅದಕ್ಕೇ ಈ ಪಾಠ.

ಮೊದಲು ದೇಹ ತಿಳಿಯೋಣ

ಹೆಣ್ಣಿಗೆ ಕೆಳಗೆ ಮೂರು ದ್ವಾರಗಳಿವೆ. ಮುಂದೆ ಮೂತ್ರದ್ವಾರ, ನಡುವೆ ಯೋನಿ, ಹಿಂದೆ ಗುದದ್ವಾರ. ಮೂತ್ರವೂ ಮುಟ್ಟಿನ ರಕ್ತವೂ ಒಂದೇ ದಾರಿಯಲ್ಲಿ ಬರುತ್ತದೆ ಅಂತ ತಿಳಿದವರಿದ್ದಾರೆ. ಅದು ಸರಿಯಲ್ಲ. ಯೋನಿಯ ಬಾಯಿಯ ಸುತ್ತ ಇರುವ ತೆಳು ಅಂಚೇ ಕನ್ಯಾಪೊರೆ.

ತಪ್ಪು 1: "ಅದು ಮುಚ್ಚಿದ ಬಾಗಿಲು."

ಮುಚ್ಚಿದ್ದರೆ ಮುಟ್ಟಿನ ರಕ್ತ ಹೊರಗೆ ಬರುವುದು ಹೇಗೆ? ಸಾಮಾನ್ಯವಾಗಿ ಅದು ಬಳೆಯಂತೆ ಅಥವಾ ಅರ್ಧಚಂದ್ರದಂತೆ ಇರುತ್ತದೆ, ನಡುವೆ ತೆರೆದಿರುತ್ತದೆ. ಒಬ್ಬೊಬ್ಬರದ್ದು ಒಂದೊಂದು ರೀತಿ. ಅಪರೂಪಕ್ಕೆ ಪೂರ್ತಿ ಮುಚ್ಚಿರುವುದೂ ಉಂಟು. ವಯಸ್ಸಿಗೆ ಬಂದ ಹುಡುಗಿಗೆ ಮುಟ್ಟಾಗದೆ ತಿಂಗಳು ತಿಂಗಳೂ ಹೊಟ್ಟೆನೋವು ಬಂದರೆ ವೈದ್ಯರಿಗೆ ತೋರಿಸಿ. ಚಿಕ್ಕ ಶಸ್ತ್ರಚಿಕಿತ್ಸೆಯಿಂದ ಸರಿಹೋಗುತ್ತದೆ. "ಆಮೇಲೆ ಮದುವೆ ಹೇಗೆ?" ಅಂತ ತಡಮಾಡಬೇಡಿ.

ತಪ್ಪು 2: "ಮೊದಲ ರಾತ್ರಿ ರಕ್ತ ಬರಲೇಬೇಕು."

ಅನೇಕರಿಗೆ ಬರುವುದಿಲ್ಲ, ಪೊರೆ ಹಿಗ್ಗುತ್ತದೆ. ರಕ್ತ ಬಂದರೆ ಅವಸರ, ಹೆದರಿಕೆಯೂ ಕಾರಣವಿರಬಹುದು. ಹಾಸಿಗೆಯ ಬಟ್ಟೆ ಯಾರ ನಡತೆಗೂ ಸಾಕ್ಷಿಯಲ್ಲ.

ತಪ್ಪು 3: "ಸೈಕಲ್ ಹೊಡೆದರೆ, ಮರ ಹತ್ತಿದರೆ ಹುಡುಗಿ ಕೆಡುತ್ತಾಳೆ."

2006-07ರಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತು. ಸಾಗರ, ಹೊಸನಗರ, ತೀರ್ಥಹಳ್ಳಿಯಂಥ ಕಡೆ ಮನೆಯಿಂದ ಹೈಸ್ಕೂಲು ದೂರ. ಇಂಥ ಮಾತಿಗೆ ಹೆದರಿ ಮಗಳ ಸೈಕಲ್ ನಿಲ್ಲಿಸಿದರೆ ನಿಲ್ಲುವುದು ಅವಳ ಓದು.

ತಪ್ಪು 4: "ಡಾಕ್ಟರು ನೋಡಿ ಹೇಳುತ್ತಾರೆ."

ಯಾವ ಪರೀಕ್ಷೆಯಿಂದಲೂ ಕನ್ಯತ್ವ ಗೊತ್ತಾಗುವುದಿಲ್ಲ. ಇಂಥ ಪರೀಕ್ಷೆ ನಿಲ್ಲಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕರೆ ಕೊಟ್ಟಿತು. ಅತ್ಯಾಚಾರಕ್ಕೆ ಒಳಗಾದವರಿಗೆ ಮಾಡುತ್ತಿದ್ದ ಎರಡು ಬೆರಳಿನ ಪರೀಕ್ಷೆ ಹೆಣ್ಣಿನ ಘನತೆಗೆ ಧಕ್ಕೆ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತು. ಆದರೂ ಅದು ನಿಲ್ಲಲಿಲ್ಲ. 2022ರ ಅಕ್ಟೋಬರ್ 31ರಂದು, ಈ ಪರೀಕ್ಷೆ ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು ತೀರ್ಪು ಕೊಟ್ಟಿತು. ಯಾರಾದರೂ ಮಾಡಲು ಬಂದರೆ "ಬೇಡ" ಅನ್ನಿ. ಚಿಕಿತ್ಸೆ ಮಾತ್ರ ಬಿಡಬೇಡಿ. ಸರ್ಕಾರಿ ಇರಲಿ, ಖಾಸಗಿ ಇರಲಿ, ಅತ್ಯಾಚಾರಕ್ಕೆ ಒಳಗಾದವರಿಗೆ ಎಲ್ಲ ಆಸ್ಪತ್ರೆಗಳೂ ಕೂಡಲೇ ಉಚಿತ ಚಿಕಿತ್ಸೆ ಕೊಡಬೇಕೆಂಬುದು ಕಾನೂನು.

ಗುಂಪಿನಲ್ಲಿ ಚರ್ಚಿಸಿ

1. ಮಗಳು ಮೈನೆರೆಯುವ ಮೊದಲೇ ಅವಳಿಗೆ ಏನೇನು ಹೇಳಿಕೊಡಬೇಕು?
2. ಇಂಥ ಮಾತಿಗಾಗಿ ಸೊಸೆಯನ್ನು ತವರಿಗೆ ಕಳಿಸಿದರೆ ಸಂಘ ಏನು ಮಾಡಬಹುದು?
3. ಗಂಡಸರಿಗೆ, ಗಂಡುಮಕ್ಕಳಿಗೆ ಇದನ್ನು ಯಾರು ತಿಳಿಸಬೇಕು?