ಹತ್ತು ದಿನ ತಡ ಬಿತ್ತಿದ ಸೋಯಾಬಿನ್ ಹತ್ತು ದಿನ ತಡವಾಗಿ ಯಾಕೆ ಹೂ ಬಿಡಲ್ಲ?

ಬೇಡಕಿಹಾಳ, ಶಮನೇವಾಡಿ, ಗಳತಗಾ, ಭೋಜ ಕಡೆಯ ಹೊಲಗಳಲ್ಲಿ ಪ್ರತಿ ವರ್ಷ ಕೇಳುವ ಮಾತು ಒಂದಿದೆ: "ಮಳಿ ತಡ ಆತು, ಬಿತ್ತಿಗಿ ಹದಿನೈದು ದಿನ ಹಿಂದ ಬಿತ್ತು. ಇರಲಿ, ಕಟಾವೂ ಹದಿನೈದು ದಿನ ಹಿಂದ ಹೋಗತೈತಿ, ಅಷ್ಟs." ಲೆಕ್ಕ ಸರಿ ಅನಿಸುತ್ತದೆ. ಆದರೆ ಸೋಯಾಬಿನ್ ಈ ಲೆಕ್ಕ ಕೇಳುವುದಿಲ್ಲ. ತಡವಾಗಿ ಬಿತ್ತಿದ ಗಿಡ ಸಣ್ಣದಿರುವಾಗಲೇ ಹೂ ಬಿಟ್ಟು ಕೂಡುತ್ತದೆ. ಟೊಂಗೆ ಕಡಿಮೆ, ಗೆಣ್ಣು ಕಡಿಮೆ, ಕಾಯಿಯೂ ಕಡಿಮೆ. ಮಳೆ ಕೊರತೆ, ಗೊಬ್ಬರ, ರೋಗ ಎಲ್ಲವೂ ಕಾರಣ ಇರಬಹುದು. ಆದರೆ ನಮ್ಮ ಕಣ್ಣಿಗೆ ಬೀಳದ ಇನ್ನೊಂದು ಕಾರಣ ಹಗಲಿನ ಉದ್ದ.

ನಮ್ಮ ಭಾಗ ಸಮಭಾಜಕ ವೃತ್ತದಿಂದ ಸುಮಾರು ಹದಿನಾರೂವರೆ ಡಿಗ್ರಿ ಉತ್ತರಕ್ಕಿದೆ. ಭೂಮಿ ಇಪ್ಪತ್ಮೂರೂವರೆ ಡಿಗ್ರಿ ವಾಲಿಕೊಂಡೇ ಸೂರ್ಯನನ್ನು ಸುತ್ತುತ್ತದೆ. ಜೂನ್‌ನಲ್ಲಿ ನಮ್ಮ ಅರ್ಧಗೋಳ ಸೂರ್ಯನ ಕಡೆ ಬಾಗಿರುತ್ತದೆ, ಡಿಸೆಂಬರ್‌ನಲ್ಲಿ ಆಚೆ. ಅದಕ್ಕೇ ಜೂನ್ 21ರ ಹೊತ್ತಿಗೆ ನಮ್ಮಲ್ಲಿ ಬೆಳಗ್ಗೆ 6ರ ಸುಮಾರಿಗೆ ಹೊತ್ತು ಮೂಡಿ ಸಂಜೆ 7 ದಾಟಿದ ಮೇಲೆ ಮುಳುಗುತ್ತದೆ. ಹಗಲು 13 ಗಂಟೆ 7 ನಿಮಿಷದಷ್ಟು. ಡಿಸೆಂಬರ್ 21-22ಕ್ಕೆ ಅದು 11 ಗಂಟೆ 9 ನಿಮಿಷಕ್ಕೆ ಇಳಿಯುತ್ತದೆ. ಹಗಲು ಸಂಕ್ರಾಂತಿಯಿಂದ ಬೆಳೆಯುತ್ತದೆ ಅಂತ ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಖರೆ ನೋಡಿದರೆ ಡಿಸೆಂಬರ್ ಕೊನೆಯಲ್ಲೇ ಬೆಳೆಯಲು ಶುರು. ಆದರೆ ಬೆಳಗಿನ ಹೊತ್ತು ಮೂಡುವುದು ಜನವರಿ ಮಧ್ಯದ ತನಕ ತಡವಾಗುತ್ತಲೇ ಹೋಗುತ್ತದೆ, ಹಾಗಾಗಿ ನಸುಕಿನಲ್ಲಿ ಎದ್ದು ಹಾಲು ಹಿಂಡುವವರಿಗೆ ಹಿರಿಯರ ಮಾತೇ ಸರಿ ಅನಿಸುತ್ತದೆ.

ಎರಡು ಗಂಟೆ ವ್ಯತ್ಯಾಸ ವರ್ಷಪೂರ್ತಿ ಒಂದೇ ವೇಗದಲ್ಲಿ ಆಗುವುದಿಲ್ಲ, ಇದನ್ನು ಗಮನಿಸಿ. ಜೂನ್ 21ರಿಂದ ಜುಲೈ 20ರವರೆಗೆ ಒಂದು ತಿಂಗಳಿಗೆ ಕಡಿಮೆ ಆಗುವುದು ಎಂಟೇ ನಿಮಿಷ. ಜುಲೈ 20ರಿಂದ ಆಗಸ್ಟ್ 20ರೊಳಗೆ ಇಪ್ಪತ್ತು ನಿಮಿಷ ದಾಟುತ್ತದೆ. ಸೆಪ್ಟೆಂಬರ್‌ನಲ್ಲಿ ದಿನಕ್ಕೆ ಹತ್ತಿರ ಹತ್ತಿರ ಒಂದು ನಿಮಿಷ. ಮಿರಗದಲ್ಲಿ ಬಿತ್ತಿದ ಸೋಯಾ ದೊಡ್ಡ ಹಗಲಿನಲ್ಲೇ ಬೆಳೆದು ಮೈ ತುಂಬಿಕೊಂಡಿರುತ್ತದೆ. ಜುಲೈ ಮಧ್ಯದಲ್ಲಿ ಬಿತ್ತಿದ್ದಕ್ಕೆ ಹೂವಿನ ತೀರ್ಮಾನದ ಹೊತ್ತಿಗೆ ಹಗಲು ಸರಸರ ಇಳಿಯುತ್ತಿರುತ್ತದೆ. ಗಿಡ ತಯಾರಿರಲಿ ಬಿಡಲಿ, ಹೂವಿನ ಸೂಚನೆ ಸಿಕ್ಕಿಬಿಡುತ್ತದೆ.

ಇದನ್ನು ಕಂಡುಹಿಡಿದ ಕಥೆ ನಿಪ್ಪಾಣಿ ಭಾಗದವರಿಗೆ ಹತ್ತಿರದ್ದು, ಯಾಕೆಂದರೆ ಅದರಲ್ಲಿದ್ದ ಎರಡು ಬೆಳೆಗಳು ತಂಬಾಕು ಮತ್ತು ಸೋಯಾಬಿನ್. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳ ಹತ್ತಿರ 'ಮೇರಿಲ್ಯಾಂಡ್ ಮ್ಯಾಮತ್' ಎಂಬ ತಂಬಾಕು ತಳಿ ಇತ್ತು. ಬೇಸಿಗೆಯಲ್ಲಿ ಆಳೆತ್ತರ ಮೀರಿ ಎಲೆ ಬಿಡುತ್ತಲೇ ಹೋಗುತ್ತಿತ್ತು, ಹೂ ಮಾತ್ರ ಇಲ್ಲ. ಅದೇ ಗಿಡ ಚಳಿಗಾಲದಲ್ಲಿ ಹಸಿರುಮನೆಯೊಳಗೆ ಸಣ್ಣದಿರುವಾಗಲೇ ಹೂ ಬಿಟ್ಟಿತು. ಇನ್ನೊಂದು ಕಡೆ 'ಬಿಲಾಕ್ಸಿ' ಸೋಯಾವನ್ನು ವಾರಗಟ್ಟಲೆ ಅಂತರ ಬಿಟ್ಟು ಬಿತ್ತಿದರೂ ಎಲ್ಲವೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ, ಸೆಪ್ಟೆಂಬರ್‌ನಲ್ಲಿ ಹೂ ಬಿಟ್ಟವು. ಬೇಸಿಗೆಯಲ್ಲೇ ಗಿಡಗಳನ್ನು ದಿನದ ಸ್ವಲ್ಪ ಹೊತ್ತು ಕತ್ತಲೆ ಗೂಡಿನಲ್ಲಿ ಇಟ್ಟು ಹಗಲು ಗಿಡ್ಡ ಮಾಡಿದರು. ಹೂ ಬಂತು! 1920ರಲ್ಲಿ ಇದನ್ನು ಪ್ರಕಟಿಸಿದರು. ಗಿಡ ನಿಜವಾಗಿ ಅಳೆಯುವುದು ರಾತ್ರಿಯ ಉದ್ದವನ್ನು ಅಂತ ಆಮೇಲಿನ ಪ್ರಯೋಗಗಳು ತೋರಿಸಿದವು. ಹೊಲದ ಬದುವಿನಲ್ಲಿ ರಾತ್ರಿಯಿಡೀ ಉರಿಯುವ ದೊಡ್ಡ ಲೈಟ್ ಇದ್ದರೆ ಅದರ ಕೆಳಗಿನ ಸೋಯಾ ಸಾಲು ಉಳಿದ ಹೊಲ ಒಣಗಿದ ಮೇಲೂ ಹಸಿರಾಗಿ ನಿಲ್ಲುವುದು ಇದಕ್ಕೇ. ರಾತ್ರಿ ಆಗಿದ್ದು ಆ ಗಿಡಕ್ಕೆ ಗೊತ್ತೇ ಆಗಿಲ್ಲ.

ಹಾಗಾದರೆ ಮಳೆ ತಡವಾದರೆ ಏನು ಮಾಡಬೇಕು? ಗಿಡ ಸಣ್ಣದಾಗುತ್ತದೆ ಅಂತ ಮೊದಲೇ ಒಪ್ಪಿಕೊಂಡು ಸಾಲು ಹತ್ತಿರ ಮಾಡಿ. ನಿಮ್ಮ ಕೂರಿಗೆ 45 ಸೆಂ.ಮೀ.ಗೆ ಇದ್ದರೆ 30ಕ್ಕೆ ತನ್ನಿ, ಬೀಜ ಸ್ವಲ್ಪ ಜಾಸ್ತಿ ಹಾಕಿ, ಬೇಗ ಬರುವ ತಳಿ ಆರಿಸಿ. ಯೂರಿಯಾ ಹೆಚ್ಚು ಕೊಟ್ಟು ಬೆಳೆಸುತ್ತೇನೆ ಅನ್ನುವುದು ದುಡ್ಡು ಮಣ್ಣಿಗೆ ಹಾಕಿದಂತೆ. ಗೊಬ್ಬರದಿಂದ ಹಗಲು ಉದ್ದವಾಗುವುದಿಲ್ಲ. ಜುಲೈ ಮೂರನೇ ವಾರವೂ ದಾಟಿದರೆ ಸೋಯಾ ಆಸೆ ಬಿಟ್ಟು ಗೋವಿನಜೋಳವನ್ನೋ ಸೂರ್ಯಕಾಂತಿಯನ್ನೋ ನೋಡುವುದು ಲೇಸು ಅಂತ ನನ್ನ ಅಭಿಪ್ರಾಯ. (ಹೆಸರು ಸೂರ್ಯಕಾಂತಿ ಆದರೂ ಹಗಲಿನ ಉದ್ದಕ್ಕೆ ಅದು ಅಷ್ಟೊಂದು ತಲೆ ಕೆಡಿಸಿಕೊಳ್ಳುವುದಿಲ್ಲ.)

ಇನ್ನೊಂದು ಎಚ್ಚರ. ಯೂಟ್ಯೂಬ್‌ನಲ್ಲಿ ಪಂಜಾಬಿನ ಎದೆಮಟ್ಟ ಸೋಯಾ ನೋಡಿ ಬೀಜ ತರಿಸಬೇಡಿ. ಜೂನ್‌ನಲ್ಲಿ ಲುಧಿಯಾನಾದ ಹಗಲು 14 ಗಂಟೆ ದಾಟುತ್ತದೆ, ನಮ್ಮದು 13. ಅಲ್ಲಿಯ ಹಗಲಿಗೆ ಹೊಂದಿಕೊಂಡ ತಳಿ ಇಲ್ಲಿ ಬೇಗ ಹೂ ಬಿಟ್ಟು ಕುಳ್ಳಾಗುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯ ನಮ್ಮ ವಲಯಕ್ಕೆ ಶಿಫಾರಸು ಮಾಡಿದ ತಳಿಯನ್ನೇ ಕೇಳಿ.

ಕಬ್ಬಿನವರಿಗೂ ಈ ಮಾತು ಸಂಬಂಧಿಸಿದ್ದೇ. ನವೆಂಬರ್‌ನಲ್ಲಿ ಕಾಣುವ ತುರಾಯಿಯ, ಕೆಲವರ ಬಾಯಲ್ಲಿ ಸೂಲಂಗಿಯ, ಸೂಚನೆ ಕಬ್ಬಿಗೆ ಸಿಗುವುದು ಹಗಲು ಹನ್ನೆರಡೂವರೆ ಗಂಟೆಯ ಆಸುಪಾಸಿಗೆ ಇಳಿದಾಗ. ನಮ್ಮಲ್ಲಿ ಅದು ಆಗಸ್ಟ್ ಕೊನೆ, ಸೆಪ್ಟೆಂಬರ್ ಆರಂಭ. ತುರಾಯಿ ಬಂದ ಗಳದ ಬೆಳವಣಿಗೆ ಅಲ್ಲಿಗೆ ನಿಂತಿತು. ಕೂಡಲೇ ಸಕ್ಕರೆ ಇಳಿಯುವುದಿಲ್ಲ, ಆದರೆ ತಿಂಗಳೆರಡು ಬಿಟ್ಟರೆ ತುದಿಯಿಂದ ಬೆಂಡಾಗಿ ತೂಕ ಕಳೆದುಕೊಳ್ಳುತ್ತದೆ. ಕಟಾವಿನ ಪಾಳಿ ಬರೆಸುವಾಗ ಯಾವ ಹೊಲಕ್ಕೆ ತುರಾಯಿ ಬಂದಿದೆ ಅಂತ ಫೋಟೋ ಸಮೇತ ಫೀಲ್ಡ್‌ಮನ್‌ಗೆ ಮೊದಲೇ ತೋರಿಸಿ.

ನಮ್ಮ ಹಿರಿಯರ ಮಿರಗ, ಆರಿದ್ರಾ, ಉತ್ತರಿ ಲೆಕ್ಕ ಹಳೇದು ಅಂತ ನಗುವವರಿದ್ದಾರೆ. ಆ ಮಳೆ ನಕ್ಷತ್ರಗಳು ಚಂದ್ರನದ್ದಲ್ಲ, ಸೂರ್ಯನ ನಡೆಯ ಲೆಕ್ಕ. ಅದಕ್ಕೇ ಮಿರಗ ಪ್ರತಿ ವರ್ಷ ಜೂನ್ 7-8ಕ್ಕೇ ಕೂಡುತ್ತದೆ, ಯುಗಾದಿಯಂತೆ ಹಿಂದೆ ಮುಂದೆ ಓಡಾಡುವುದಿಲ್ಲ. ಹಿಂಗಾರಿ ಮಾಲದಂಡಿ ಜೋಳವನ್ನು ಮುಂಗಾರಿಗೆ ಬಿತ್ತದೆ ಉತ್ತರಿ-ಹಸ್ತದ ತನಕ ಕಾಯುತ್ತಿದ್ದುದರ ಹಿಂದೆ ಮಣ್ಣಿನ ಹದದ ಜೊತೆ ಈ ಹಗಲಿನ ಲೆಕ್ಕವೂ ಇದೆ. ಜೂನ್‌ನಲ್ಲಿ ಬಿತ್ತಿದರೆ ಅದು ದಂಟು ಬೆಳೆಸುತ್ತಲೇ ಹೋಗಿ ತೆನೆಗೆ ತಡಮಾಡುತ್ತದೆ.

ಈ ಸಲ ಮೊಬೈಲಿನಲ್ಲಿ ಮೂರು ದಿನಾಂಕ ಬರೆದಿಡಿ: ಬಿತ್ತಿದ್ದು, ಮೊದಲ ಹೂ ಕಂಡಿದ್ದು, ಕೊಯ್ದಿದ್ದು. ಪಕ್ಕದ ಹೊಲದವರು ಬೇರೆ ದಿನ ಬಿತ್ತಿದ್ದರೆ ಅವರದ್ದೂ ಇರಲಿ. ತಳಿ ಒಂದೇ ಆಗಿದ್ದರೆ ಎರಡನ್ನೂ ಹೋಲಿಸಿ ನೋಡಿ. ಬಿತ್ತಿಗೆಯ ಅಂತರ ಎಷ್ಟು, ಹೂವಿನ ಅಂತರ ಎಷ್ಟು ಅನ್ನುವುದು ನಿಮ್ಮ ಹೊಲದಲ್ಲೇ ಗೊತ್ತಾಗುತ್ತದೆ.